ರೋಮಾ ಕೇರಿಗಳಲ್ಲಿ ಮನೆ, ಆದಾಯ, ಜೀವನತೃಪ್ತಿ: ಕ್ಷೇತ್ರಕಾರ್ಯ ಮಾಡಿದವರ ಅನುಭವ ಬೇಕಾಗಿದೆ

ಪ್ರಶ್ನೆ: ಸ್ಲೊವಾಕಿಯಾ ಮತ್ತು ರೊಮೇನಿಯಾದ ರೋಮಾ (ಯುರೋಪಿನ ಅಂಚಿಗೆ ತಳ್ಳಲ್ಪಟ್ಟ ಅಲ್ಪಸಂಖ್ಯಾತ ಸಮುದಾಯ) ಕುಟುಂಬಗಳ ವಸತಿ, ಆದಾಯ ಮತ್ತು ಜೀವನತೃಪ್ತಿಯ ಕುರಿತು ಸ್ನಾತಕೋತ್ತರ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಸೊನ್ನೆಯಿಂದ ಹತ್ತರವರೆಗಿನ ಏಣಿಯಲ್ಲಿ ನಿಮ್ಮ ಬದುಕು ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ಪ್ರಾಯೋಗಿಕ ಸಂದರ್ಶನಗಳಲ್ಲಿ ಕೇಳಿದಾಗ, ಮನೆಯೊಳಗೆ ನಲ್ಲಿಯೂ ಇಲ್ಲದವರು ಆರು, ಏಳು ಎನ್ನುತ್ತಿದ್ದಾರೆ. ಇದನ್ನು ಹೇಗೆ ಅರ್ಥೈಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ: ಪೂರ್ವ ಸ್ಲೊವಾಕಿಯಾದಲ್ಲಿ, ಊರಂಚಿನ ರೋಮಾ ಕೇರಿಗಳ ಸಮೀಕ್ಷಾ ತಂಡವೊಂದರಲ್ಲಿ ನಾನು ಕೆಲಸ ಮಾಡಿದ್ದೇನೆ. ಆ ಏಳನ್ನು ದಯವಿಟ್ಟು ಮನೆಗೆ ಸಿಕ್ಕ ಅಂಕವೆಂದು ಓದಬೇಡಿ. ಏಳು ಎಂದು ಉತ್ತರಿಸಿದ ಗೃಹಿಣಿಯೊಬ್ಬರ ಮಂಚ ಗೋಡೆಯಿಂದ ಒಂದು ಮೊಳ ಈಚೆಗಿತ್ತು. ಕಾರಣ ಕೇಳಿದಾಗ, ಗೋಡೆಯ ತೇವಕ್ಕೆ ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಚಳಿಗಾಲವಿಡೀ ಮಕ್ಕಳು ಕೆಮ್ಮುತ್ತಾರೆ ಎಂದರು. ಹಾಗಾದರೆ ಏಳು ಯಾವುದಕ್ಕೆ ಎಂದರೆ, ಮದುವೆಯಾದ ಮಗಳು ಎರಡು ಬಾಗಿಲಾಚೆಯೇ ಇದ್ದಾಳೆ, ಗಂಡನಿಗೆ ಈ ವರ್ಷ ಕೆಲಸವಿದೆ ಎಂಬುದು ಅವರ ಉತ್ತರವಾಗಿತ್ತು. ಆದ್ದರಿಂದ ಮನೆಯ ಬಗೆಗಿನ ತೃಪ್ತಿಯನ್ನು ಬೇರೆಯಾಗಿಯೇ ಕೇಳಿ. ತೇವ, ಬೆಳಕು, ನೀರು, ಶೌಚಾಲಯ, ಒಂದು ಕೋಣೆಯಲ್ಲಿ ಮಲಗುವವರ ಸಂಖ್ಯೆ, ಇವುಗಳನ್ನು ಒಂದೊಂದಾಗಿ ದಾಖಲಿಸಿಕೊಳ್ಳಿ. ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆಯ 2021ರ ಸಮೀಕ್ಷೆ ಹೀಗೆ ಬಿಡಿಬಿಡಿಯಾಗಿ ಕೇಳಿದ್ದರಿಂದಲೇ, ರೋಮಾ ಜನರಲ್ಲಿ ಶೇ. 52 ಮಂದಿ ತೇವ, ಕತ್ತಲೆ ಅಥವಾ ಶೌಚ ಸೌಲಭ್ಯದ ಕೊರತೆಯಿರುವ ಮನೆಗಳಲ್ಲಿದ್ದಾರೆ, ಶೇ. 22 ಮಂದಿಗೆ ಮನೆಯೊಳಗೆ ನಲ್ಲಿ ನೀರಿಲ್ಲ ಎಂದು ಹೇಳಲು ಸಾಧ್ಯವಾಯಿತು.

ಆದಾಯ ಹೆಚ್ಚಿದರೆ ಮನೆ ತಾನಾಗಿ ಸುಧಾರಿಸುತ್ತದೆ ಎಂದೂ ಭಾವಿಸಬೇಡಿ. ಅಲ್ಲಿನ ಎಷ್ಟೋ ಮನೆಗಳು ನಿವಾಸಿಗಳ ಹೆಸರಿನಲ್ಲಿಲ್ಲದ ಜಮೀನಿನ ಮೇಲೆ ನಿಂತಿವೆ. ಹಕ್ಕುಪತ್ರವಿಲ್ಲದೆ ಕಟ್ಟಡದ ಪರವಾನಗಿ ಸಿಗುವುದಿಲ್ಲ, ಪರವಾನಗಿಯಿಲ್ಲದೆ ನೀರಿನ ಸಂಪರ್ಕ ಸಿಗುವುದಿಲ್ಲ, ಹೀಗಾಗಿ ಹೊರದೇಶದಲ್ಲಿ ದುಡಿದು ಹಣ ತಂದವರೂ ಟೆಲಿವಿಷನ್ ಕೊಳ್ಳಬಲ್ಲರೇ ಹೊರತು ಕೊಳಾಯಿ ಹಾಕಿಸಲಾರರು. (ಟೆಲಿವಿಷನ್ ನೋಡಿ ಇವರಿಗೇನು ಕಡಿಮೆ ಎನ್ನುವ ಅಧಿಕಾರಿಗಳು ನಿಮಗೂ ಸಿಗುತ್ತಾರೆ.) ತಿಂಗಳ ಆದಾಯದ ಸರಾಸರಿ ಕೇಳುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಸರ್ಕಾರಿ ನೆರವು ಮತ್ತು ಮಕ್ಕಳ ಭತ್ಯೆ ಬರುವ ದಿನಕ್ಕೆ ಮುಂಚಿನ ವಾರವನ್ನು ಹೇಗೆ ಕಳೆದಿರಿ, ಬಡ್ಡಿಗೆ ಸಾಲ ತಂದಿರಾ, ಸೌದೆಗೆ ಎಷ್ಟು ಹೋಯಿತು ಎಂದು ಕೇಳಿದರೆ ನಿಜವಾದ ಲೆಕ್ಕ ಹೊರಬರುತ್ತದೆ.

ಎರಡನೆಯ ಉತ್ತರ: ರೊಮೇನಿಯಾದ ಭಾಗಕ್ಕೆ ಇದೊಂದನ್ನು ಸೇರಿಸುತ್ತೇನೆ. ಕ್ಲೂಜ್-ನಪೋಕಾ ನಗರದ ಕ್ವಾಸ್ತೇಯ್ ಬೀದಿಯಿಂದ 2010ರ ಡಿಸೆಂಬರ್‌ನಲ್ಲಿ ಸುಮಾರು 76 ರೋಮಾ ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಅವರಲ್ಲಿ ಹಲವರಿಗೆ ಕಸದ ರಾಶಿಯ ಸಮೀಪದ ಪತಾ ರತ್‌ನಲ್ಲಿ ಕುಟುಂಬಕ್ಕೊಂದು ಕೋಣೆ, ನಾಲ್ಕು ಕುಟುಂಬಗಳಿಗೆ ಒಂದು ಸ್ನಾನಗೃಹ ದೊರೆಯಿತು. ನಿಮ್ಮ ಪ್ರಶ್ನಾವಳಿ ಮನೆಯ ಸ್ಥಿತಿಯನ್ನಷ್ಟೇ ಕೇಳಿದರೆ, ನಗರದ ನಡುವಿನ ಶಾಲೆ ಮತ್ತು ಕೆಲಸವನ್ನು ಬಿಟ್ಟು ಬಂದವರೂ ಮೊದಲಿನಿಂದ ಅಲ್ಲೇ ಕಸ ಆಯ್ದು ಬದುಕುತ್ತಿರುವವರೂ ಒಂದೇ ಸಾಲಿಗೆ ಬೀಳುತ್ತಾರೆ. ಇಲ್ಲಿಗೆ ಹೇಗೆ ಬಂದಿರಿ, ಇನ್ನೆಷ್ಟು ದಿನ ಇಲ್ಲಿರಬಹುದೆಂಬ ಭರವಸೆ ನಿಮಗಿದೆ ಎಂಬೆರಡು ಪ್ರಶ್ನೆಗಳನ್ನು ಬಿಡಬೇಡಿ; ತೃಪ್ತಿಯ ಅಂಕಗಳ ನಡುವಿನ ಅಂತರ ಬಹಳಷ್ಟು ಅಲ್ಲಿಯೇ ತಿಳಿಯಾಗುತ್ತದೆ ಎಂಬುದು ನನ್ನ ಅನಿಸಿಕೆ.

ಮೂರನೆಯ ಉತ್ತರ: ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಏಣಿಯ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ಸ್ಥಾನದಲ್ಲಿ, ಸಾಧ್ಯವಾದರೆ ಮನೆಯ ಪ್ರಶ್ನೆಗಳಿಗೆ ಮೊದಲೇ ಕೇಳಿ. ಉತ್ತರಿಸುವಾಗ ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ಬರೆದಿಡಿ. ನೆರವಿನ ಅರ್ಜಿಗೆ ಸಹಿ ಹಾಕುವ ಪುರಸಭೆಯ ಸಿಬ್ಬಂದಿ ಬಾಗಿಲಲ್ಲಿ ನಿಂತಿದ್ದಾಗ ನನಗೆ ಸಿಕ್ಕ ಅಂಕಗಳೆಲ್ಲ ಎಂಟಕ್ಕಿಂತ ಕೆಳಗಿಳಿಯಲಿಲ್ಲ; ಅವನ್ನು ವಿಶ್ಲೇಷಣೆಯಿಂದ ಹೊರಗಿಡಬೇಕಾಯಿತು.