ಪದ ಬೇಕಿತ್ತು: ತುರುಗೋಳ್, ಗೋಗ್ರಹಣ ಅಥವಾ ದನಗಳವು?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಮಕ್ಕಳ ಲೈಬ್ರರಿಯಲ್ಲಿ ಐರ್ಲೆಂಡಿನ ಕತೆಗಳ ಪ್ರದರ್ಶನ ಇದೆ, ಬೋರ್ಡು ಪ್ರಿಂಟಿಗೆ ಹೋಗಬೇಕು. ಕತೆ ‘ತಾನ್ ಬೋ ಕೂಲ್ನ್ಯ’. ಗಂಡನ ಹತ್ತಿರ ಬಿಳಿಕೊಂಬಿನ ಹೋರಿ ಇದೆ, ನನ್ನ ಹತ್ತಿರ ಅಂಥದ್ದಿಲ್ಲ ಅಂತ ರಾಣಿ ಮೇವ್ ಅಲ್ಸ್ಟರಿನ ಕಂದು ಹೋರಿಗಾಗಿ ದಂಡೆತ್ತಿ ಹೋಗುತ್ತಾಳೆ. ಅಲ್ಲಿನ ಗಂಡಸರೆಲ್ಲ ಒಂದು ಶಾಪದಿಂದ ಹೆರಿಗೆ ನೋವು ತಿನ್ನುತ್ತಾ ಮಲಗಿರುತ್ತಾರೆ. 17ರ ಹುಡುಗ ಕೂ ಖುಲಿನ್ ಒಬ್ಬನೇ ತಡೆಯುತ್ತಾನೆ.

ಕೂಲ್ನ್ಯ ಅಂದರೆ ಆ ಕಂದು ಹೋರಿ ಇದ್ದ ಜಾಗ. ಅದಕ್ಕೆ ಇಂಗ್ಲಿಷಿನಲ್ಲಿ ಕೂಲಿ ಅಂತಾರೆ. ‘ಕೂಲಿಯ ದನಗಳವು’ ಅಂತ ಬರೆದೆ. ಮಗಳು ಓದಿ, “ಕೂಲಿ ಕೊಡಲಿಲ್ಲ ಅಂತ ದನ ಕದ್ದರಾ?” ಅಂದಳು.

ಮರು: ಕಳವು ಅಂದರೆ ರಾತ್ರಿ ಸದ್ದಿಲ್ಲದೆ ಮಾಡುವುದು. ಇದು ದಂಡಿನ ಕೆಲಸ. ನಮ್ಮ ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ ಇರುವ ಪದ ತುರುಗೋಳ್. ತುರು ಅಂದರೆ ದನ, ಕೋಳ್ ಅಂದರೆ ಸೂರೆ. ಚರ್ಚೆ ಮುಗಿಯಿತು.

ಮರು: ಮುಗಿದಿಲ್ಲ ಸರ್. ‘ತುರುಗೋಳು’ ಅಂತ ಬರೆದರೆ ಹಸು ಅಳುತ್ತಿದೆ ಅಂದುಕೊಳ್ಳುತ್ತಾರೆ ಮಕ್ಕಳು. ಗೋಗ್ರಹಣ ಅನ್ನಿ. ಉತ್ತರಕುಮಾರನ ಕತೆ ಗೊತ್ತಿಲ್ಲದವರು ಯಾರು? ಜೊತೆಗೆ ಐರಿಷಿನ ‘ಬೋ’, ನಮ್ಮ ‘ಗೋ’ ಒಂದೇ ಬೇರಿನವು. ಕೂ ಖುಲಿನ್ ಹೆಸರಿನ ‘ಕೂ’ ಕೂಡ ಶ್ವಾನದ ನೆಂಟ. ಕುಲನ್ ಅನ್ನುವ ಕಮ್ಮಾರನ ನಾಯಿಯನ್ನು ಕೊಂದು, ಅದರ ಬದಲಿಗೆ ತಾನೇ ಕಾವಲು ನಿಂತವನು ಈ ಹುಡುಗ. ಹೆಸರಿನ ಅರ್ಥವೇ ಕುಲನ್‌ನ ನಾಯಿ.

ಮರು: ‘ನಮ್ಮ’ ಗೋ? ಐರಿಷಿಗೆ ಅದು ನೆಂಟ. ಕನ್ನಡಕ್ಕೆ ಬಾಡಿಗೆಗೆ ಬಂದದ್ದು.

ಮರು: ಸಾವಿರ ವರ್ಷ ದಾಟಿದ ಬಾಡಿಗೆ ಸರ್, ಬಿಡಿಸೋಕಾಗಲ್ಲ. ಅಂದ ಹಾಗೆ, ನೀವು ಬರೆದ ‘ಶಾಸನ’, ‘ವೀರ’, ‘ಚರ್ಚೆ’ ಯಾವ ಊರಿನವು?

ಮರು: ಇಬ್ಬರೂ ‘ತಾನ್’ ಪದವನ್ನೇ ಬಿಟ್ಟಿರಿ. ಅದರ ಅರ್ಥ ಅಟ್ಟಿಕೊಂಡು ಹೋಗುವುದು. ನಮ್ಮ ಕಡೆ ದನ ಹೊಡೆದುಕೊಂಡು ಹೋದ ಅಂತೀವಲ್ಲ, ಅದೇ. ಮೇಯಿಸಲಿಕ್ಕೂ ಅದೇ ಮಾತು, ಸೂರೆಗೂ ಅದೇ.

ಮರು: ಬೋರ್ಡು ಹೋಯಿತು. ಮೇಲೆ ‘ಕೂಲ್ನ್ಯದ ತುರುಗೋಳ್’, ಕೆಳಗೆ ಸಣ್ಣಕ್ಷರದಲ್ಲಿ ‘ಹೋರಿ ಹೊಡೆದುಕೊಂಡು ಹೋದ ಕತೆ’. ಹಸು ಅಳಬಾರದು ಅಂತ ಉಕಾರ ತೆಗೆದೆ. ಪಕ್ಕದಲ್ಲಿ ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯಲ್ಲಿರುವ ಕೂ ಖುಲಿನ್‌ನ ಕಂಚಿನ ಪ್ರತಿಮೆಯ ಚಿತ್ರ ಇದೆ. ನೆಲಕ್ಕೆ ಬೀಳಬಾರದು ಅಂತ ಕಲ್ಲಿಗೆ ಕಟ್ಟಿಕೊಂಡು ಸತ್ತಿದ್ದಾನೆ. ಹೆಗಲ ಮೇಲೆ ಕುಳಿತ ಹಕ್ಕಿ ರೇವನ್. ಸುಮ್ನೆ ಕಾಗೆ ಅಂದರೆ ಸಾಕಲ್ವಾ?

ಮರು: ಸಾಕು. ಅಚ್ಚ ಕನ್ನಡ.

ಮರು: ಕಾಕದ ತದ್ಭವ ಅದು.

ಮರು: ಕಾ ಕಾ ಅಂತ ಕೂಗುವುದಕ್ಕೂ ಸಂಸ್ಕೃತ ಬೇಕೇನ್ರೀ?