ಕಿಟ್ ವಿಮರ್ಶೆ: ದೋಷ ಅಚ್ಚಿನದೋ, ಮಳೆಯದೋ?

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ಕಾರ ಸರ್. ಪುನರ್ವಸು ಮಳೆಯ ದಿನಗಳಲ್ಲಿ ಮನೆಯಲ್ಲೇ ಕುಳಿತು 1:72 ಅಳತೆಯ ಸ್ಪಿಟ್‌ಫೈರ್ ಮಾರ್ಕ್ 1 ವಿಮಾನದ ಪ್ಲಾಸ್ಟಿಕ್ ಕಿಟ್ ಜೋಡಿಸಿದೆ. 'ಕಿಟ್ ಚೆನ್ನಾಗಿದೆ, ಆದರೆ ರೆಕ್ಕೆಯ ಬುಡದಲ್ಲಿ ಸಂದು ಬಿಡುತ್ತದೆ, ಮೇಲೆ ಹೊಡೆದ ಲ್ಯಾಕ್ವರ್ ಬಣ್ಣ ಬೆಳ್ಳಗಾಗುತ್ತದೆ' ಎಂದು ವಿಮರ್ಶೆ ಬರೆದೆ. ಓದಿದ ಗೆಳೆಯರು 'ಕೊಳ್ಳಬೇಕೋ ಬೇಡವೋ ಗೊತ್ತಾಗಲಿಲ್ಲ' ಎಂದರು. ಎಲ್ಲಿ ಎಡವಿದೆ?

ಉತ್ತರ: ನಮಸ್ಕಾರ. ಶಿವಮೊಗ್ಗದಲ್ಲಿ ಕಟ್ಟಡಗಳ ಮಾದರಿ ತಯಾರಿಸುವುದು ನನ್ನ ವೃತ್ತಿ. ನಿಮ್ಮ ಲ್ಯಾಕ್ವರ್ ಪಾಡು ನನಗೂ ಪ್ರತಿ ಮಳೆಗಾಲ ಎದುರಾಗುತ್ತದೆ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕುಳಿತು ಬಿಳಿ ಪೊರೆ ಕಟ್ಟುತ್ತದೆ. ಇದು ನಮ್ಮ ಮಳೆಯ ಕೆಲಸ, ಕಿಟ್ಟಿನದಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಬಣ್ಣ ಹಚ್ಚುವವರು ನಿಮ್ಮ ಮಾತು ನಂಬಿ ಒಳ್ಳೆಯ ಕಿಟ್ ಬಿಟ್ಟುಬಿಟ್ಟರೆ ಅನ್ಯಾಯವಲ್ಲವೇ? ಯಾವ ಬಣ್ಣ, ಎಂಥ ಹವೆ ಎಂದು ಬರೆಯಿರಿ. ದೋಷವನ್ನು ಕಿಟ್ಟಿನ ತಲೆಗೆ ಕಟ್ಟಬೇಡಿ.

ಸಂದಿನ ವಿಷಯವೇ ಬೇರೆ. ಅದನ್ನೇ ಓದುಗ ಹುಡುಕಿಕೊಂಡು ಬರುವುದು. ಒಂದು ಕಡೆಯೋ ಎರಡೂ ಕಡೆಯೋ? ಒಂದು ಪೋಸ್ಟ್‌ಕಾರ್ಡ್ ತೂರುವಷ್ಟೋ, ಎರಡು ತೂರುವಷ್ಟೋ? ಪುಟ್ಟಿ ಸಾಕಾಯಿತೋ, ಪ್ಲಾಸ್ಟಿಕ್ ಪಟ್ಟಿ ತುಂಬಬೇಕಾಯಿತೋ? ಇದಿಷ್ಟನ್ನು ಹೇಳಿದರೆ ಹೊಸಬರು ತಮ್ಮ ಕೈಲಾಗುತ್ತದೆಯೇ ಎಂದು ಅಳೆದುಕೊಳ್ಳುತ್ತಾರೆ. ಅಂಟು ಹಾಕುವ ಮೊದಲು ಟೇಪ್ ಸುತ್ತಿ ಕೂಡಿಸಿ ನೋಡಿದ್ದಿರಾ? ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸಿದ ಜಾಗದಲ್ಲಿ ಒಂದು ಚೂರು ಉಳಿದಿದ್ದರೂ ರೆಕ್ಕೆ ಕೂರುವುದಿಲ್ಲ. ಅದನ್ನು ಉಜ್ಜಿ ತೆಗೆದ ಮೇಲೂ ಸಂದು ಉಳಿದರೆ ಮಾತ್ರ ಅಚ್ಚನ್ನು ದೂರಿ.

ಇನ್ನು ಒಂದು ಸ್ಕೇಲ್ ಹಿಡಿದುಕೊಳ್ಳಿ. ಆ ವಿಮಾನದ ರೆಕ್ಕೆಗಳ ತುದಿಯಿಂದ ತುದಿಗೆ 11.23 ಮೀಟರ್. 72ರಿಂದ ಭಾಗಿಸಿದರೆ 156 ಮಿಲಿಮೀಟರ್. ನಿಮ್ಮದು ಎಷ್ಟಿದೆ ಎಂದು ಬರೆಯಿರಿ. 'ಆಕಾರ ಸರಿಯಿದೆ' ಎಂಬ ಹತ್ತು ಹೊಗಳಿಕೆಗಿಂತ ಈ ಒಂದು ಅಂಕಿ ನನಗೆ ಪ್ರಿಯ.

ಪ್ರಶ್ನೆ (ಸಾಗರದಿಂದ): ಸರ್, ಜೋಡಿಸುವ ಮೊದಲೇ, ಪೆಟ್ಟಿಗೆ ತೆರೆದು ನೋಡಿ ವಿಮರ್ಶೆ ಬರೆಯಬಹುದೇ?

ಉತ್ತರ: ಬರೆಯಬಹುದು, ಮೊದಲ ಸಾಲಿನಲ್ಲೇ 'ಇನ್ನೂ ಜೋಡಿಸಿಲ್ಲ' ಎನ್ನಿ. ಬಿಡಿಭಾಗಗಳ ಅಂಚಿನಲ್ಲಿ ತೆಳು ಪ್ಲಾಸ್ಟಿಕ್ ಪೊರೆ ಚಾಚಿಕೊಂಡಿದ್ದರೆ ಅಚ್ಚು ಸವೆದಿರಬಹುದು, ಇಲ್ಲವೇ ಅದರ ಎರಡು ಹೋಳುಗಳು ಬಿಗಿಯಾಗಿ ಕೂಡಿಲ್ಲ. ದಪ್ಪನೆಯ ಭಾಗಗಳಲ್ಲಿ ತಗ್ಗು ಬಿದ್ದಿದ್ದರೆ ಪ್ಲಾಸ್ಟಿಕ್ ಆರುವಾಗ ಕುಗ್ಗಿದೆ. ಇವೆಲ್ಲ ಕಣ್ಣಿಗೆ ಕಾಣುತ್ತವೆ, ಧೈರ್ಯವಾಗಿ ಬರೆಯಿರಿ. ಆದರೆ ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಬಗ್ಗೆ ಒಂದು ಮಾತನ್ನೂ ಆಡಬೇಡಿ.

ಹಳೆಯ ಅಚ್ಚನ್ನೇ ಹೊಸ ಪೆಟ್ಟಿಗೆ, ಹೊಸ ಡಿಕಾಲ್ (ಮಾದರಿಗೆ ಅಂಟಿಸುವ ಗುರುತುಗಳ ಹಾಳೆ) ಹಾಕಿ ಮಾರುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಪೆಟ್ಟಿಗೆಯ ಮೇಲಿನ ಇಸವಿ ಅಚ್ಚಿನದೆಂದು ತಿಳಿಯಬೇಡಿ. ವಿಮಾನದ ಮೈಮೇಲೆ ತೋರಿಸಿದ ತಗಡಿನ ಜೋಡಣೆಯ ಗೆರೆಗಳು ಕೊರೆದಂತಿರದೆ ಉಬ್ಬಿಕೊಂಡಿದ್ದರೆ ಅಚ್ಚು ಹಳೆಯದಿರಬಹುದು ಎಂಬ ಅನುಮಾನ ಬರಲಿ. ಆ ಗೆರೆಗಳ ಫೋಟೊ ಒಂದನ್ನು ಹತ್ತಿರದಿಂದ, ಓರೆ ಬೆಳಕಿನಲ್ಲಿ ತೆಗೆದು ಹಾಕಿ.

ತೀರ್ಥಹಳ್ಳಿಯಿಂದ ಮತ್ತೆ: ಚೂರು ಇತ್ತು ಸರ್, ಬಲರೆಕ್ಕೆಯ ಒಳ ಅಂಚಿನಲ್ಲಿ. ಸಂದೂ ಆ ಬದಿಯಲ್ಲೇ. ವಿಮರ್ಶೆ ತಿದ್ದುತ್ತೇನೆ.