ತಾನಾಗೇ ಅಪ್‌ಡೇಟ್ ಆಗುತ್ತಂತೆ!

"ಇನ್ಮೇಲೆ ಡೇಟಾಬೇಸ್ ಮಾನಿಟರಿಂಗ್ ಸಾಫ್ಟ್‌ವೇರು ತಾನಾಗೇ ಅಪ್‌ಡೇಟ್ ಆಗುತ್ತಂತೆ. ನಾವೇನೂ ಮಾಡೋದೇ ಬೇಡ" ಅಂದ ಶೀನ, ಬೈಟು ಕಾಫಿಯಲ್ಲಿ ದೊಡ್ಡ ಪಾಲಿನ ಲೋಟವನ್ನು ತನ್ನ ಕಡೆ ಎಳೆದುಕೊಳ್ಳುತ್ತ.

"ಈಗ್ಲೂ ನೀನೇನೂ ಮಾಡಲ್ವಲ್ಲೋ" ಎಂದಳು ಸುಧಾ.

ಮಂಜ ನಮ್ಮ ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳೋನು. ಅಪ್‌ಡೇಟ್ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಹುಳಿ ಮಜ್ಜಿಗೆ ಕುಡಿದವರ ಹಾಗೆ ಮುಖ ಮಾಡುತ್ತಾನೆ.

"2024ರ ಜುಲೈ 19 ಮರೆತುಹೋಯ್ತಾ? ಕ್ರೌಡ್‌ಸ್ಟ್ರೈಕ್‌ನವರು ಕಳಿಸಿದ್ದು ಒಂದು ಪುಟಾಣಿ ಫೈಲು. ಸುಮಾರು 85 ಲಕ್ಷ ವಿಂಡೋಸ್ ಮೆಷಿನ್ನು ನೀಲಿ ಸ್ಕ್ರೀನ್ ತೋರಿಸಿ ಮಲಗಿದವು. ನಮ್ಮ ದೇಶದ ಏರ್‌ಪೋರ್ಟುಗಳಲ್ಲಿ ಬೋರ್ಡಿಂಗ್ ಪಾಸನ್ನ ಪೆನ್ನಲ್ಲಿ ಬರೆದುಕೊಟ್ಟರು!"

"ಅದು ಸೆಕ್ಯುರಿಟಿ ಸಾಫ್ಟ್‌ವೇರ್ ಕಣೋ. ನಮ್ದು ಪಾಪ, ಸುಮ್ನೆ ನೋಡ್ತಾ ಕೂತಿರುತ್ತೆ."

"ಕೇಳಿಲ್ಲಿ. ಆ ಫೈಲನ್ನ 78 ನಿಮಿಷದಲ್ಲೇ ವಾಪಸ್ ತಗೊಂಡ್ರು. ಏನು ಬಂತು? ಎಲ್ಲಾ ಕಡೆಗೂ ಒಟ್ಟಿಗೇ ಕಳಿಸಿಬಿಟ್ಟಿದ್ರಲ್ಲ. ಎಷ್ಟೋ ಮೆಷಿನ್ನುಗಳ ಮುಂದೆ ಜನ ಕೂತು, ಸೇಫ್ ಮೋಡಿಗೆ ಹೋಗಿ ಕೈಯಾರೆ ಅಳಿಸಬೇಕಾಯ್ತು. 'ನಮಗೆ ಒಂದು ವರ್ಷನ್ ಹಿಂದಿನದೇ ಸಾಕಪ್ಪ' ಅಂತ ಹುಷಾರಾಗಿ ಸೆಟ್ಟಿಂಗ್ ಹಾಕಿಕೊಂಡಿದ್ದವರಿಗೂ ಬಿತ್ತು ಏಟು. ಆ ಸೆಟ್ಟಿಂಗು ಸಾಫ್ಟ್‌ವೇರಿಗೆ ಮಾತ್ರ, ಈ ಥರ ಫೈಲಿಗಲ್ಲ."

ಶೀನ ಸ್ವಲ್ಪ ತಣ್ಣಗಾದ. ಆದರೆ ಸುಧಾ ಬಿಡಬೇಕಲ್ಲ?

"ಹಾಗಂತ ಅಪ್‌ಡೇಟೇ ಬೇಡ ಅಂದ್ರೆ ಹೇಗೆ ಮಂಜ? ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಅಲ್ವಾ, ಅದರ 13ನೇ ವರ್ಷನ್ನಿಗೆ ಹೋದಾಗ ಏನಾಯ್ತು? ಕ್ವೆರಿಗಳಿಗೆ ಎಷ್ಟು ಹೊತ್ತು ಹಿಡೀತು ಅಂತ ಹೇಳೋ 'ಟೋಟಲ್ ಟೈಮ್' ಕಾಲಮ್ಮು 'ಟೋಟಲ್ ಎಕ್ಸೆಕ್ ಟೈಮ್' ಆಗಿತ್ತು. ಸರ್ವರಲ್ಲಿ ಕೂತು ಲೆಕ್ಕ ಕಳಿಸೋ ನಮ್ಮ ಮಾನಿಟರಿಂಗ್‌ನ ಹಳೇ ಏಜೆಂಟು ಹಳೇ ಹೆಸರೇ ಹಿಡಿದು ಕೂಗ್ತಾ ಇತ್ತು. ಗ್ರಾಫ್ ಪೂರ್ತಿ ಖಾಲಿ. ಈ ಮಹಾನುಭಾವ ಅದನ್ನ ನೋಡಿ 'ಅಪ್‌ಗ್ರೇಡ್ ಆದಮೇಲೆ ಒಂದೂ ಸ್ಲೋ ಕ್ವೆರಿ ಇಲ್ಲ' ಅಂತ ಮ್ಯಾನೇಜರಿಗೆ ಮೇಲ್ ಹಾಕಿದ್ದ!"

"ಮ್ಯಾನೇಜರು ಶಭಾಷ್ ಅಂದಿದ್ರು" ಎಂದ ಶೀನ, ಈಗಲೂ ಹೆಮ್ಮೆಯಿಂದ.

ಇಬ್ಬರು ಹೇಳೋದೂ ನಿಜ ಅನ್ನೋದೇ ಇಲ್ಲಿನ ತಲೆನೋವು. ಅಪ್‌ಡೇಟ್ ತಾನಾಗೇ ಆಗಲಿ, ಆದರೆ ಎಲ್ಲಾ ಕಡೆ ಒಂದೇ ಸಲ ಯಾಕೆ? ಕೊನೆಗೆ ಮಂಜ ಟಿಶ್ಯೂ ಪೇಪರ್ ಎಳೆದುಕೊಂಡು ಬರೆದ: ಮೊದಲು ಟೆಸ್ಟ್ ಸರ್ವರು. ಎರಡು ದಿನ ಬಿಟ್ಟು ಒಂದು ರೆಪ್ಲಿಕಾ (ಡೇಟಾಬೇಸಿನ ನಕಲು). ಎಲ್ಲಾ ಸರಿಯಿದ್ದರೆ ಪ್ರೈಮರಿ, ಅಂದರೆ ಮುಖ್ಯ ಸರ್ವರು. ಶುಕ್ರವಾರ ಸಂಜೆ ಮಾತ್ರ ಬೇಡವೇ ಬೇಡ. ಏಜೆಂಟಿನಿಂದ ಐದು ನಿಮಿಷ ಸುದ್ದಿ ಬರದಿದ್ದರೆ ಅದಕ್ಕೂ ಒಂದು ಅಲರ್ಟು, ಅದೂ ಬೇರೆ ಸರ್ವರಿನಿಂದ.

"ಹಾಂ, ಇನ್ನೊಂದು. ತಾನಾಗೇ ಬದಲಾಗೋ ಸಾಫ್ಟ್‌ವೇರಿಗೆ ಜಾಸ್ತಿ ಅಧಿಕಾರ ಕೊಡಬಾರದು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕಂತಲೇ 'ಪಿಜಿ ಮಾನಿಟರ್' ಅನ್ನೋ ರೋಲ್ ಇದೆ, ಅಷ್ಟು ಸಾಕು. ನಮ್ಮ ಏಜೆಂಟಿಗೂ ಅದೇ ಕೊಟ್ಟಿದೀವಿ ತಾನೆ?"

ಶೀನ ಲೋಟದೊಳಗೆ ಇಣುಕಿದ. "ಸೂಪರ್‌ಯೂಸರ್ ಕೊಟ್ಟಿದೀನಿ, ಎಲ್ಲಾ ಅಧಿಕಾರಾನೂ. ಟೆಂಪರರಿ ಅಷ್ಟೇ."

"ಯಾವಾಗ ಕೊಟ್ಟಿದ್ದು?"

"ಲಾಕ್‌ಡೌನ್ ಟೈಮಲ್ಲಿ."